ಟೀಮಿನ ಬೇಬಿಗೆ ಐವತ್ತನಾಲ್ಕು

ನಮ್ಮ ಯಜಮಾನರ ಅಕ್ಕ, ಅಂದರೆ ನನ್ನ ಅತ್ತಿಗೆ, ‘ವೆಟರನ್’ ಅನ್ನುವ ಪದವನ್ನು ‘ವೆಟರ್ನರಿ’ ಎಂದು ಕೇಳಿಸಿಕೊಂಡರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ಅವರಿದ್ದ ಅಜ್ಜಂಪುರದ ಪಕ್ಕದಲ್ಲೇ ಸರ್ಕಾರದ ದನಗಳು ಮೇಯುವ ಕಾವಲು. ಅಲ್ಲಿಗೆ ಬರುವ ದನದ ಡಾಕ್ಟರನ್ನು ಊರಿಗೆ ಊರೇ ‘ವೆಟರ್ನರಿ ಸಾಯೇಬ್ರು’ ಎನ್ನುತ್ತಿತ್ತು. ನಮ್ಮ ಯಜಮಾನರು ಅವರ ಅಂಗಳಕ್ಕೆ ಬಂದು, “ನಾನು ಮಲೇಷ್ಯಾಕ್ಕೆ ವೆಟರನ್ಸ್ ಟೂರ್ನಮೆಂಟ್ ಆಡೋಕೆ ಹೋಗ್ತೀನಿ” ಅಂದಾಗ ಅತ್ತಿಗೆಗೆ ಬೇರೆ ಏನು ಹೊಳೆದೀತು?

“ದನಿನ್ ಡಾಕ್ಟ್ರುಗಳ ಪಂದ್ಯದಾಗೆ ನಿನಗೇನ್ಲಾ ಕೆಲಸ?” ಎಂದರು. “ರೈಲಿಗೆ ಬಾವುಟ ತೋರ್ಸೋನು ನೀನು. ಅಲ್ಲಿ ಹೋಗಿ ಎಮ್ಮೆಗೆ ಇಂಜೆಕ್ಷನ್ ಕೊಡ್ತೀಯಾ?”

“ಅಯ್ಯೋ, ವೆಟರ್ನರಿ ಅಲ್ಲ ಕಣಕ್ಕ, ವೆಟರನ್. ವಯಸ್ಸಾದ ಆಟಗಾರ್ರು ಅಂತ.”

“ಹಂಗನ್ನು ಮತ್ತೆ. ಅದಾದ್ರೆ ಸರಿ. ವಯಸ್ಸಾಗೈತೆ ನಿಂಗೆ.”

ನನಗೆ ನಗು ತಡೆಯಲಾಗಲಿಲ್ಲ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಬ್ಬರು ಪ್ರತಿ ಇಂಗ್ಲಿಷ್ ಪದದ ಬುಡಕ್ಕೂ ಕೈ ಹಾಕಿ ಬೇರು ತೋರಿಸುತ್ತಿದ್ದರು. ಅವರು ಅಲ್ಲಿದ್ದರೆ, ಈ ಎರಡು ಪದಗಳೂ ದೂರದ ನೆಂಟರೇ ಎಂದು ಅರ್ಧ ಗಂಟೆ ಲೆಕ್ಚರ್ ಕೊಡುತ್ತಿದ್ದರೋ ಏನೋ.

ನಮ್ಮ ಯಜಮಾನರು ಬೀರೂರು ಜಂಕ್ಷನ್ನಿನ ಗೂಡ್ಸ್ ಗಾರ್ಡ್. ನಾವಿದ್ದದ್ದು ಕಡೂರಿನಲ್ಲಿ, ಬಾಡಿಗೆ ಮನೆಯಲ್ಲಿ. ಅವರಿಗೆ ಆ ಕೆಲಸ ಸಿಕ್ಕಿದ್ದೇ ಫುಟ್‌ಬಾಲ್‌ನಿಂದ. ವಯಸ್ಸಿನಲ್ಲಿ ಅವರು ರೈಲ್ವೆ ತಂಡದ ರೈಟ್ ಔಟ್. ಅಂದರೆ ಬಲಗಡೆಯ ಗೆರೆಗುಂಟ ಓಡಿಹೋಗಿ ಚೆಂಡನ್ನು ಗೋಲಿನ ಮುಂದಕ್ಕೆ ಹಾಕುವವರು. ಇನ್ನೊಬ್ಬರು ಗೋಲು ಹೊಡೆಯುತ್ತಾರೆ, ಚಪ್ಪಾಳೆ ಅವರಿಗೆ. ಇವರದು ಬರೀ ಓಟ. ಚಿಕ್ಕಮಗಳೂರಿನಲ್ಲಿ ಬೆಳೆದ ನನಗೆ ಇವರ ಸಂಬಂಧ ಬಂದಾಗ ಹುಡುಗನ ಫೋಟೋ ಅಂತ ತಂದು ತೋರಿಸಿದ್ದು ಹನ್ನೊಂದು ಜನರ ಗ್ರೂಪ್ ಫೋಟೋ. “ಆ ಕೊನೇಲಿ ನಿಂತಿರೋನು ಕಣಮ್ಮ” ಎಂದಿದ್ದರು ಅಪ್ಪ. ಎರಡು ಕೊನೆಯಲ್ಲಿ ಯಾವ ಕೊನೆ ಎಂದು ಕೇಳಲು ನಾಚಿಕೆಯಾಗಿ ಮದುವೆಯ ದಿನದವರೆಗೂ ನಾನು ಬೇರೆ ಯಾರನ್ನೋ ಇಷ್ಟಪಟ್ಟುಕೊಂಡಿದ್ದೆ. ಇದನ್ನು ಅವರಿಗೆ ಹೇಳಿದ್ದೆ. ಆಗಿನಿಂದ ನನ್ನನ್ನು ರೇಗಿಸಬೇಕಾದಾಗಲೆಲ್ಲ “ಏನ್ ಕಾನ್ವೆಂಟಮ್ಮಾ, ನಿನ್ನ ಲೆಫ್ಟ್ ಔಟ್ ಹೇಗಿದಾನೆ?” ಎನ್ನುತ್ತಿದ್ದರು.

ಹರೆಯದಲ್ಲಿ ಒಮ್ಮೆ ಅವರ ತಂಡ ಸಿಲೋನಿಗೆ ಆಡಲು ಹೊರಟಿತ್ತಂತೆ. ಆಗ ಹಡಗು ಹತ್ತುವ ಮೊದಲು ಮಂಡಪಂನಲ್ಲಿ ಎಲ್ಲರ ಮೈ ಪರೀಕ್ಷೆ. ಇವರಿಗೆ ಜ್ವರ. ಇವರೊಬ್ಬರನ್ನು ಅಲ್ಲೇ ಉಳಿಸಿ ಉಳಿದವರು ಸಮುದ್ರ ದಾಟಿದರು. ವಾಪಸ್ ಬಂದ ಗೆಳೆಯರು ಅಲ್ಲಿಯ ಮೈದಾನ, ಅಲ್ಲಿಯ ಜನ, ಅಲ್ಲಿಯ ಬೆಣ್ಣೆ ಬಿಸ್ಕತ್ತಿನ ಕಥೆ ಹೇಳುತ್ತಿದ್ದರೆ ಇವರು ಕೇಳಿಸಿಕೊಂಡು ಸುಮ್ಮನಿರಬೇಕಾಯಿತು. ಇದನ್ನು ಅವರು ದುಃಖವೆಂದು ಯಾವತ್ತೂ ಹೇಳಿದವರಲ್ಲ. ಆದರೆ ರೇಡಿಯೋದಲ್ಲಿ ಸಿಲೋನ್ ಸ್ಟೇಷನ್ ಹಾಕಿದರೆ ಮಾತ್ರ, ಮಕ್ಕಳು ಎಷ್ಟು ಗೋಗರೆದರೂ, ತಿರುಗಿಸಿಬಿಡುತ್ತಿದ್ದರು.

ಎಂಬತ್ತರ ದಶಕದ ಆರಂಭದಲ್ಲಿ, ಅವರ ಹಳೆಯ ಜೊತೆಗಾರರೊಬ್ಬರು ಬೆಂಗಳೂರಿನಿಂದ ಕಡೂರಿಗೆ ಬಂದರು. ಮಲೇಷ್ಯಾದಲ್ಲಿ ನಿವೃತ್ತ ಆಟಗಾರರ ಅಂತರರಾಷ್ಟ್ರೀಯ ಪಂದ್ಯಾವಳಿ, ನಾಲ್ಕಾರು ದೇಶದವರು ಬರುತ್ತಾರೆ, ನಮ್ಮ ಕಡೆಯಿಂದಲೂ ಒಂದು ತಂಡ ಹೊರಟಿದೆ, ನಾನೇ ಮ್ಯಾನೇಜರ್ ಎಂದರು. ಪಂದ್ಯದ ನಿಯಮಗಳನ್ನು ನಮ್ಮ ಊಟದ ಎಲೆಯ ಮುಂದೆ ಕೂತೇ ವಿವರಿಸಿದರು. ಐವತ್ತು ತುಂಬಿದವರು ಮಾತ್ರ ಆಡಬೇಕು. ಐವತ್ತೈದು ದಾಟಿದವರು ಸುಸ್ತಾದಾಗ ಹೊರಗೆ ಬಂದು ಕೂತು, ಸುಧಾರಿಸಿಕೊಂಡು ಮತ್ತೆ ಒಳಗೆ ಹೋಗಬಹುದು. ಅದಕ್ಕಿಂತ ಚಿಕ್ಕವರಿಗೆ ಈ ರಿಯಾಯಿತಿ ಇಲ್ಲ. ಒಮ್ಮೆ ಹೊರಬಂದರೆ ಅವರ ಆಟ ಮುಗಿದಂತೆ. ಹಾಗಾಗಿ ತಂಡದಲ್ಲಿ ಒಬ್ಬಿಬ್ಬರಾದರೂ ‘ಚಿಕ್ಕವರು’ ಬೇಕು, ಕೊನೆಯ ತನಕ ಓಡುವುದಕ್ಕೆ.

“ನಿಮ್ಮ ಸರ್ವೀಸ್ ರೆಕಾರ್ಡಲ್ಲಿ ಐವತ್ತನಾಲ್ಕು ಅಲ್ವೇನ್ರೀ?” ಎಂದರು ಮ್ಯಾನೇಜರ್. “ಮಿಕ್ಕೋರೆಲ್ಲ ಅರವತ್ತರ ಹತ್ರ ಇರೋ ಮುದುಕರು. ನೀವೇ ಕಣ್ರೀ ನಮ್ಮ ಟೀಮಿನ ಬೇಬಿ!”

ಯಜಮಾನರು ಎಲೆಯಿಂದ ತಲೆ ಎತ್ತದೆ ಹೌದೆಂದರು. ನಾನು ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋದೆ.

ಈಗಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕು. ಆ ಕಾಲದ ಹಳ್ಳಿ ಶಾಲೆಗಳಲ್ಲಿ ಬರ್ತ್ ಸರ್ಟಿಫಿಕೇಟ್ ಕೇಳುವವರಿರಲಿಲ್ಲ. ಮೇಷ್ಟರು ಮಗುವಿಗೆ “ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು” ಎನ್ನುತ್ತಿದ್ದರು. ಮುಟ್ಟಿದರೆ ಆರು ವರ್ಷ, ಸೇರಿಸಿಕೊ. ಮುಟ್ಟದಿದ್ದರೆ ಮುಂದಿನ ವರ್ಷ ಬಾ. ನಮ್ಮವರು ಕಾವಲಿನ ಅಂಚಿನಲ್ಲಿ ಕರು ಕಾಯುತ್ತಾ ಇದ್ದು, ಹತ್ತು ವರ್ಷ ತುಂಬಿದಮೇಲೆ ಅವರಮ್ಮ ಶಾಲೆಗೆ ಎಳೆದುಕೊಂಡು ಹೋದರು. ಸಣ್ಣಮೈಯ ಹುಡುಗ. ಕೈ ಕಿವಿಯನ್ನು ದಾಟಿ ಕೆನ್ನೆಗೇ ಬಂತಂತೆ. ಮೇಷ್ಟರು ನಕ್ಕು, ಒಂದನೇ ಕ್ಲಾಸಿಗೆ ಬರೋನಿಗೆ ಆರೇ ವರ್ಷ, ಎಂದು ಬರೆದುಕೊಂಡರು. ಆವತ್ತು ಸೇರಿದ ಮಕ್ಕಳೆಲ್ಲರಿಗೂ ಒಂದೇ ಹುಟ್ಟಿದ ದಿನ. ಅಜ್ಜಂಪುರದಲ್ಲಿ ಆ ಬೆಳಗ್ಗೆ ಎಷ್ಟು ಹೆರಿಗೆಯಾಗಿದ್ದವೋ ಎಂದು ಇವರೇ ತಮಾಷೆ ಮಾಡುತ್ತಿದ್ದರು.

ಅಂತೂ ರೆಕಾರ್ಡಿನ ಐವತ್ತನಾಲ್ಕು ನಿಜದಲ್ಲಿ ಐವತ್ತೆಂಟು. ಆಗ ಐವತ್ತೆಂಟಕ್ಕೇ ರಿಟೈರ್ಮೆಂಟು; ಲೆಕ್ಕ ಸರಿಯಾಗಿದ್ದರೆ ಅವರು ಆ ವರ್ಷವೇ ಹಾರ ಹಾಕಿಸಿಕೊಂಡು ಮನೆಗೆ ಬರಬೇಕಿತ್ತು. ಮೇಷ್ಟರ ದಯೆಯಿಂದ ಇನ್ನೂ ನಾಲ್ಕು ವರ್ಷ ಸಂಬಳ. ನಮ್ಮ ದೊಡ್ಡವಳು ಶಿವಮೊಗ್ಗದಲ್ಲಿ ಓದುತ್ತಿದ್ದಳು, ಚಿಕ್ಕವಳು ಇನ್ನೂ ಹೈಸ್ಕೂಲು. ನಾವು ಆ ನಾಲ್ಕು ವರ್ಷವನ್ನು ನಂಬಿಕೊಂಡೇ ಇದ್ದವರು. ಊರಲ್ಲಿ ಅರ್ಧ ಜನರ ವಯಸ್ಸು ಹೀಗೇ ಇತ್ತು. ಯಾರೂ ಅದನ್ನು ಸುಳ್ಳು ಎನ್ನುತ್ತಿರಲಿಲ್ಲ, ‘ಸ್ಕೂಲ್ ವಯಸ್ಸು’ ಎನ್ನುತ್ತಿದ್ದರು.

ಮ್ಯಾನೇಜರ್ ಹೋದಮೇಲೆ ನಾನು ಕೇಳಿದೆ: “ಪೂರ್ತಿ ಹೊತ್ತು ಓಡೋಕಾಗುತ್ತಾ ನಿಮಗೆ? ನಿಜವಾದ ವಯಸ್ಸು ಹೇಳಿದ್ರೆ ನಡುವೆ ಕೂತ್ಕೋಬಹುದಲ್ಲ.”

“ಹೇಳಿದ್ರೆ ಕೂತ್ಕೋಬಹುದು, ಮನೇಲಿ” ಎಂದರು. “ರೈಲ್ವೆಯೋರಿಗೆ ಗೊತ್ತಾದ್ರೆ ಸರ್ವೀಸೇ ಹೋಯ್ತು.”

“ಹಾಗಾದ್ರೆ ಹೋಗೋದೇ ಬೇಡ. ಮಂಡಿನೋವು ಅಂದ್ಬಿಡಿ.”

ಮರುದಿನ ಬೆಳಗ್ಗೆ ಕಡೂರಿನ ಸ್ಟೇಷನ್ ರೋಡಿನಲ್ಲಿ, ಕ್ಯಾನ್ವಾಸ್ ಶೂ ಕಟ್ಟಿಕೊಂಡು ಓಡುತ್ತಿದ್ದ ನಮ್ಮವರನ್ನು ಹಾಲಿನವನು ನೋಡಿ ಬಂದು ನನಗೆ ಹೇಳಿದ: “ಅಮ್ಮಾವ್ರೇ, ಗಾರ್ಡು ಸಾಹೇಬ್ರ ರೈಲು ತಪ್ಪೋಯ್ತಾ?”

ತಂಡದ ಅಭ್ಯಾಸ ತರೀಕೆರೆಯಲ್ಲಿ. ಮ್ಯಾನೇಜರ ಮಾವನ ಮನೆ ಅಲ್ಲಿತ್ತು, ಛತ್ರವೊಂದರಲ್ಲಿ ಎಲ್ಲರಿಗೂ ಇಳಿದುಕೊಳ್ಳಲು ಜಾಗ ಸಿಕ್ಕಿತ್ತು. ನಮ್ಮವರು ರಜೆ ಹಾಕಿ ಹೋದರು. ಕೊನೆಯ ದಿನ ಊರಿನ ಕಾಲೇಜು ಹುಡುಗರ ಜೊತೆ ಒಂದು ಪ್ರ್ಯಾಕ್ಟೀಸ್ ಮ್ಯಾಚು. ನಾನು ಕಡೂರಿನಿಂದ, ಅತ್ತಿಗೆ ಅಜ್ಜಂಪುರದಿಂದ ಬಂದೆವು. ಅತ್ತಿಗೆ ಒಂದು ಡಬ್ಬಿ ಕೋಡುಬಳೆ ತಂದಿದ್ದರು. ಮೈದಾನದ ಪಕ್ಕದ ಕಟ್ಟೆಯ ಮೇಲೆ ನಾವಿಬ್ಬರೇ ಹೆಂಗಸರು.

ಬಿಸಿಲು ಇನ್ನೂ ಇಳಿದಿರಲಿಲ್ಲ. ಕೆಮ್ಮಣ್ಣಿನ ಮೈದಾನ, ಒಬ್ಬ ಓಡಿದರೆ ಮೂವರ ಕಣ್ಣಿಗೆ ಧೂಳು. ನಮ್ಮ ಕಡೆಯವರೆಲ್ಲ ಹೊಟ್ಟೆ ಬಿಗಿಹಿಡಿದು ಹೊಸ ಜರ್ಸಿಯೊಳಗೆ ತೂರಿಕೊಂಡು ಬಂದಿದ್ದರು. ಬೇಲಿಯ ಹತ್ತಿರ ನಿಂತ ಹುಡುಗರ ಬಾಯಿಗೆ ಬೀಗವಿರಲಿಲ್ಲ.

“ಏ ತಾತೋ, ಹಲ್ಲುಸೆಟ್ ಬಿದ್ದೀತು, ಹುಷಾರು!”

“ಆಫ್‌ಸೈಡ್ ಅಲ್ಲ ಕಣ್ಲಾ, ತಾತಂಗೆ ಕಣ್ಣು ಕಾಣಾಕಿಲ್ಲ, ಅದ್ಕೆ ಅಲ್ಲಿ ನಿಂತವ್ನೆ!”

ಆದರೆ ನಮ್ಮವರು ಓಡಿದಾಗ ಆ ಹುಡುಗರೂ ಚೇಷ್ಟೆ ಬಿಟ್ಟು ಬೇಲಿಗೆ ಆತುಕೊಂಡು ನೋಡಿದರು. ಇದನ್ನು ಹೆಂಡತಿಯೆಂಬ ಕಾರಣಕ್ಕೆ ಹೇಳುತ್ತಿಲ್ಲ. ಚೆಂಡು ಕಾಲಿಗೆ ಅಂಟಿಕೊಂಡು ಗೆರೆಗುಂಟ ಹೋಗುತ್ತಿತ್ತು. ಎದುರಿನ ಹುಡುಗ ಅಡ್ಡ ಬಂದರೆ ಇವರು ಒಂದು ಕ್ಷಣ ನಿಂತು, ಅವನು ನಿಂತಮೇಲೆ ಹೊರಡುತ್ತಿದ್ದರು. ಇಪ್ಪತ್ತೈದು ವರ್ಷ ಸಂಸಾರ ಮಾಡಿದ್ದೇನೆ, ಆ ಮನುಷ್ಯನನ್ನು ಅಷ್ಟು ಹ್ಯಾಂಡ್ಸಮ್ ಆಗಿ ನಾನು ನೋಡಿರಲೇ ಇಲ್ಲ. ಸಿಲ್ಲಿ, ಆದರೆ ಹೇಳಬೇಕಾದ ಮಾತು.

ಅರ್ಧ ಆಟ ಮುಗಿಯಿತು. ನಿಯಮದಂತೆ ದೊಡ್ಡವರೆಲ್ಲ ಆಗಾಗ ಹೊರಗೆ ಬಂದು ಕೂತಿದ್ದರು, ನಮ್ಮವರು ಒಮ್ಮೆಯೂ ಬಂದಿರಲಿಲ್ಲ. ಈಗ ನಾವಿದ್ದ ಕಟ್ಟೆಗೆ ಬಂದು ಕೂತರು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ನಿಂಬೆಪಾನಕದ ಲೋಟ ಕೊಟ್ಟೆ. ಅದು ಅವರ ಬಲಗೈಯಿಂದ ಜಾರಿ ಬಿತ್ತು.

“ಜೋಮು ಹಿಡಿದಂಗಿದೆ ಕಣೇ, ಬೆರಳು” ಎಂದರು. ಎಡಗೈಯಿಂದ ಬಲಗೈಯನ್ನು ತಿಕ್ಕಿಕೊಂಡರು.

ಮ್ಯಾನೇಜರ್ ಕೊಡೆ ಹಿಡಿದುಕೊಂಡು ತಾವು ನಿಂತಲ್ಲಿಂದಲೇ ಕೂಗಿದರು: “ಬೇಬಿ! ಏಳ್ರೀ ಮೇಲೆ! ಮುದುಕರೇ ಎದ್ದು ನಿಂತಿದಾರೆ, ನಿಮಗೇನ್ರೀ?”

ಅತ್ತಿಗೆ ಕೋಡುಬಳೆಯ ಡಬ್ಬಿಯನ್ನು ನನ್ನ ಮಡಿಲಿಗಿಟ್ಟು ಎದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರವಾಗಿ ಮ್ಯಾನೇಜರ ಮುಂದೆ ಹೋಗಿ ನಿಂತರು.

“ಸ್ವಾಮಿ, ನೀವು ಬೇಬಿ ಬೇಬಿ ಅಂತ ಕುಣಿಸ್ತಾ ಇದ್ದೀರಲ್ಲ, ಅವನಿಗೆ ವಯಸ್ಸೆಷ್ಟು ಗೊತ್ತಾ ನಿಮಗೆ?”

“ಗೊತ್ತು ತಾಯಿ. ಐವತ್ತನಾಲ್ಕು.”

“ಯಾರು ಹೇಳಿದ್ದು? ಪ್ಲೇಗು ಬಂದು ಊರು ಬಿಟ್ಟು ಹೊಲದಾಗೆ ಗುಡ್ಲು ಹಾಕ್ಕೊಂಡಿದ್ವಲ್ಲ, ಆ ಗುಡ್ಲಾಗೆ ಹುಟ್ಟಿದೋನು ಇವನು. ನಮ್ಮವ್ವನಿಗೆ ನೀರು ಕಾಸಿ ಕೊಟ್ಟೋಳು ನಾನು. ಕಂಕುಳಾಗೆ ಎತ್ಕೊಂಡು ಬೆಳ್ಸಿದೋಳು ನಾನು. ಐವತ್ತೆಂಟು ತುಂಬೈತೆ. ಅವನ್ನ ಕೂರ್ಸಿ.”

ಮ್ಯಾನೇಜರ ಮುಖದ ನಗು ಅರ್ಧಕ್ಕೆ ನಿಂತಿತು. ಅಲ್ಲಿ ನಿಂತಿದ್ದ ಆಟಗಾರರೆಲ್ಲ ಈ ಕಡೆ ತಿರುಗಿದರು. ಅವರಲ್ಲಿ ಇಬ್ಬರು ರೈಲ್ವೆಯವರೇ, ಇನ್ನೂ ಸರ್ವೀಸಿನಲ್ಲಿದ್ದವರು. ಅತ್ತಿಗೆಯ ಮಾತು ನಿಜ, ಆ ನಿಜದಿಂದ ನಮ್ಮವರು ಇವತ್ತು ಬದುಕಬಹುದು. ಅದೇ ನಿಜ ಸೋಮವಾರ ಬೀರೂರಿನ ಆಫೀಸಿಗೆ ತಲುಪಬಹುದು.

ಯಜಮಾನರು ಎದ್ದು ಬಂದರು. ಅಕ್ಕನ ಮುಖ ನೋಡಲಿಲ್ಲ. ಮ್ಯಾನೇಜರಿಗೆ ನಗುತ್ತಾ ಹೇಳಿದರು:

“ಬಿಡಿ ಸಾರ್. ನಮ್ಮಕ್ಕನಿಗೆ ಲೆಕ್ಕ ಬರಲ್ಲ. ನನಗಿಂತ ಮುಂಚೆ ಒಬ್ಬ ಅಣ್ಣ ಹುಟ್ಟಿ ಹೋದ. ಅವನದ್ದು ನನ್ನದು ಸೇರಿಸ್ಕೊಂಡ್ಬಿಡ್ತಾಳೆ. ವಯಸ್ಸಾಯ್ತಲ್ಲ, ಅರಳು ಮರಳು.”

ಸುತ್ತ ನಿಂತವರು ನಕ್ಕರು. ಹಾಗೆ ಅಣ್ಣ ಅಂತ ಯಾರೂ ಹುಟ್ಟಿರಲಿಲ್ಲ.

ಅತ್ತಿಗೆ ತಮ್ಮನನ್ನು ನೋಡುತ್ತಾ ನಿಂತರು. ಮೊದಲು ಅವರಿಗೆ ಅರ್ಥವಾಗಲಿಲ್ಲ ಅಂತ ಕಾಣುತ್ತದೆ. ಆಮೇಲೆ ತಮ್ಮನ ಜರ್ಸಿ, ಪಕ್ಕದ ರೈಲ್ವೆಯವರು, ನಾನು, ಎಲ್ಲರನ್ನೂ ಒಂದು ಸುತ್ತು ನೋಡಿದರು. ಸಂಬಳ, ಹುಡುಗಿಯರ ಓದು, ಎಲ್ಲ ಅವರಿಗೂ ಗೊತ್ತಿದ್ದದ್ದೇ.

“ಹೌದು ಸ್ವಾಮಿ” ಎಂದರು. “ನಂಗೆ ಲೆಕ್ಕ ಬರಾಕಿಲ್ಲ.”

ವಾಪಸ್ ಬಂದು ಕಟ್ಟೆಯ ಮೇಲೆ ಕೂತರು. ಸೆರಗನ್ನು ಸೊಂಟದಿಂದ ತೆಗೆದು ತಲೆಯ ಮೇಲೆ ಹೊದ್ದುಕೊಂಡರು. ನಾನು ಕೈ ಹಿಡಿಯಹೋದರೆ “ಬಿಡಮ್ಮಣ್ಣಿ” ಎಂದರು.

ಎರಡನೇ ಅರ್ಧ ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಚೆಂಡು ಅವರ ಕಾಲಿಗೆ ಬಂತು. ಗೆರೆಗುಂಟ ಹೊರಟರು. ನಾಲ್ಕು ಹೆಜ್ಜೆ ಹೋಗಿರಬೇಕು, ಬಲಗಾಲು ಹಿಂದೆಯೇ ಉಳಿಯಿತು. ಅವರು ಬೀಳಲಿಲ್ಲ, ನಿಂತರು. ನಿಂತು, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ ತಮ್ಮ ಕಾಲನ್ನು ನೋಡಿದರು. ಎದುರಿನ ಹುಡುಗ ಇದು ಹಳೆಯ ಆಟದ ಇನ್ನೊಂದು ಮೋಸ ಅಂದುಕೊಂಡು ಹತ್ತಿರ ಬರದೆ ದೂರವೇ ನಿಂತ. ಬೇಲಿಯ ಹುಡುಗರು ಶಿಳ್ಳೆ ಹಾಕಿದರು. ಆಮೇಲೆ ಅವರು ಪಕ್ಕಕ್ಕೆ ವಾಲಿ, ಕೈಯನ್ನೂ ಊರದೆ, ಮುಖ ಅಡಿಯಾಗಿ ಬಿದ್ದರು. ಆಗಲೂ ಒಂದಿಬ್ಬರು ನಗುತ್ತಲೇ ಇದ್ದರು.

“ಕ್ರ್ಯಾಂಪ್! ಕ್ರ್ಯಾಂಪ್ ಅಷ್ಟೆ!” ಎಂದು ಮ್ಯಾನೇಜರ್ ಕೂಗುತ್ತಾ ಓಡಿದರು.

ಕ್ರ್ಯಾಂಪ್ ಅಲ್ಲ, ಲಕ್ವ. ತರೀಕೆರೆಯ ಆಸ್ಪತ್ರೆಯಲ್ಲಿ ನೋಡಿ ಶಿವಮೊಗ್ಗಕ್ಕೆ ಕಳಿಸಿದರು. ವ್ಯಾನಿನಲ್ಲಿ ದಾರಿಯುದ್ದಕ್ಕೂ ಅವರ ತಲೆ ಅತ್ತಿಗೆಯ ತೊಡೆಯ ಮೇಲಿತ್ತು. ಬಾಯಿಯ ಮೂಲೆಯಿಂದ ಇಳಿಯುತ್ತಿದ್ದ ಜೊಲ್ಲನ್ನೂ ಕೆಮ್ಮಣ್ಣನ್ನೂ ಅವರು ಸೆರಗಿನಿಂದ ಒರೆಸುತ್ತಲೇ ಇದ್ದರು.

ಶಿವಮೊಗ್ಗದ ಡಾಕ್ಟರ್ ಕೇಳಿದರು: “ಪೇಷಂಟ್ ವಯಸ್ಸು?”

ನಾನು ಅತ್ತಿಗೆಯನ್ನು ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

“ಐವತ್ತನಾಲ್ಕು” ಎಂದೆ.

ತಂಡ ಮಲೇಷ್ಯಾಕ್ಕೆ ಹೋಯಿತು. ನಾವು ಕಡೂರಿಗೆ ಬಂದೆವು. ಪ್ರಾಣ ಉಳಿದಿತ್ತು. ಬಲಗೈ ಎದೆಯ ಹತ್ತಿರ ಮಡಚಿಕೊಂಡೇ ನಿಂತುಬಿಟ್ಟಿತು. ಕಾಲು ಎಳೆದರೆ ಬರುತ್ತಿತ್ತು. ಮಾತು ಮಾತ್ರ ಹೋಯಿತು. ಅಂದರೆ ಶಬ್ದ ಬರುತ್ತಿತ್ತು, ಆದರೆ ಪದಗಳ ಮೂಳೆಯೆಲ್ಲ ಕರಗಿ ಬರೀ ಮಾಂಸ ಉಳಿದ ಹಾಗೆ. ಕಾನ್ವೆಂಟಿನಲ್ಲಿ ನಾನು ಕಲಿತ ಗ್ರಾಮರು, ಪ್ರನನ್ಸಿಯೇಷನ್ನು, ಎಲ್ಲ ಅವರ ಒಂದೊಂದು ಅಕ್ಷರವನ್ನು ಹಿಡಿಯುವುದಕ್ಕೆ ಖರ್ಚಾಯಿತು. ನೀರು ಯಾವುದು, ನೋವು ಯಾವುದು, ನಾನೊಬ್ಬಳೇ ಬಲ್ಲೆ.

ಕೆಲವು ತಿಂಗಳ ನಂತರ ರೈಲ್ವೆಯ ಮೆಡಿಕಲ್ ಬೋರ್ಡಿನ ಮುಂದೆ ಹೋದೆವು. ಡಾಕ್ಟರುಗಳು ಒಳ್ಳೆಯವರೇ. ಕೈಕಾಲು ಎತ್ತಿ ನೋಡಿದರು. ಗಾರ್ಡ್ ಕೆಲಸ ಇನ್ನು ಸಾಧ್ಯವಿಲ್ಲ, ಆದರೆ ಲೈಟ್ ಡ್ಯೂಟಿ ಮಾಡಬಹುದು ಎಂದರು. “ಏಜ್ ಇನ್ನೂ ಚಿಕ್ಕದಲ್ವಾ ಅಮ್ಮ, ಇಂಪ್ರೂವ್ ಆಗ್ತಾರೆ. ಸರ್ವೀಸ್ ಬೇರೆ ಇದೆ” ಎಂದು ಒಬ್ಬರು ನನಗೆ ಸಮಾಧಾನ ಹೇಳಿದರು. ಬೇಡವೆಂದು ಮನೆಗೆ ಹೋದರೆ ಶಿವಮೊಗ್ಗದಲ್ಲಿ ಓದುತ್ತಿದ್ದವಳನ್ನು ವಾಪಸ್ ಕರೆಸಿಕೊಳ್ಳಬೇಕಾಗುತ್ತಿತ್ತು. ನಮ್ಮವರು ತಲೆಯಾಡಿಸಿ ಒಪ್ಪಿದರು. ತರೀಕೆರೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿಗೆ ಹಾಕಿದರು. ಮಡಚಿದ ಕೈಯ ಮನುಷ್ಯನಿಗೆ ಪಾರ್ಸೆಲ್ ಆಫೀಸು! ಮೂಟೆಗಳ ನಡುವೆ ಒಂದು ಕುರ್ಚಿ, ಎಡಗೈಯಲ್ಲಿ ಸೀಲು ಒತ್ತುವ ಕೆಲಸ. ರೈಲು ಹತ್ತಿ ಇಳಿಯಲು ಒಬ್ಬರಿಗೆ ಆಗುವುದಿಲ್ಲವೆಂದು ಮೊದಮೊದಲು ನಾನೂ ಜೊತೆಗೆ ಹೋಗಿ, ಸಂಜೆಯವರೆಗೆ ಹೆಂಗಸರ ವೇಟಿಂಗ್ ರೂಮಿನಲ್ಲಿ ಕೂತಿರುತ್ತಿದ್ದೆ.

ಅತ್ತಿಗೆ ಹಬ್ಬಕ್ಕೆ ಬರುತ್ತಿದ್ದರು. ತಮ್ಮನ ತಲೆಗೆ ಎಣ್ಣೆ ತಟ್ಟಿ, ಊಟ ತಿನ್ನಿಸಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ನಮ್ಮವರು ಏನಾದರೂ ಹೇಳಲು ಹೊರಟರೆ “ಸುಮ್ನಿರೋ, ಆಯಾಸ ಮಾಡ್ಕೋಬ್ಯಾಡ” ಎನ್ನುತ್ತಿದ್ದರು. ಅವರಿಗೆ ಆ ದಿನದ ಮೈದಾನದ ಮಾತು ಕೇಳಿಸಿಕೊಳ್ಳುವುದು ಬೇಡವಾಗಿತ್ತು ಎಂದು ನನಗನ್ನಿಸುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಮ್ಯಾನೇಜರ್ ನಮ್ಮ ಕಡೂರಿನ ಮನೆಗೆ ಬಂದರು. ಮಲೇಷ್ಯಾದಿಂದ ಬಂದು ತುಂಬ ದಿನವಾಗಿತ್ತು, ಬರಲು ಅವರಿಗೆ ಮುಜುಗರವಾಗಿರಬೇಕು. ಒಂದು ತಗಡಿನ ಡಬ್ಬಿ ಬಿಸ್ಕತ್ತು ತಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತು, ಎಲ್ಲ ಮ್ಯಾಚೂ ಸೋತೆವು ಎಂದರು. ಬರ್ಮಾದಿಂದ ಬಂದಿದ್ದ ಮುದುಕರು ಎಷ್ಟು ಗಟ್ಟಿ, ಅಲ್ಲಿಯ ಹುಲ್ಲು ಎಷ್ಟು ಮೆತ್ತಗೆ ಎಂದೆಲ್ಲ ಹೇಳಿದರು. ನಮ್ಮವರು ಅಲುಗಾಡದೆ ಕೇಳುತ್ತಿದ್ದರು. ಮ್ಯಾನೇಜರಿಗೆ ಅವರ ಕಣ್ಣು ನೋಡಿ ಇನ್ನೂ ಏನಾದರೂ ಒಳ್ಳೆಯದನ್ನು ಹೇಳಬೇಕು ಅನ್ನಿಸಿರಬೇಕು.

“ಯೋಚನೆ ಮಾಡಬೇಡಿ ಕಣ್ರೀ” ಎಂದರು. “ಎರಡು ವರ್ಷಕ್ಕೆ ಮತ್ತೆ ಇದೆಯಂತೆ. ಅಷ್ಟೊತ್ತಿಗೆ ಸರಿಹೋಗ್ತೀರಿ. ಆಗ ನಿಮಗೂ ಐವತ್ತೈದು ದಾಟಿರುತ್ತೆ ನೋಡಿ. ಕೂತು ಕೂತು ಆರಾಮಾಗಿ ಆಡಬಹುದು!”

ನಮ್ಮವರ ಎಡಗೈ ಕುರ್ಚಿಯ ತೋಳನ್ನು ಹಿಡಿಯಿತು. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತು. ಕುತ್ತಿಗೆಯ ನರ ಉಬ್ಬಿ, ಅವರು ಬಹಳ ಕಷ್ಟಪಟ್ಟು ಒಂದು ಮಾತು ಹೊರಗೆ ತಂದರು. ಬೇರೆಯವರಿಗೆ ಅದರ ಬಾಲ ಮಾತ್ರ ಕೇಳಿಸುತ್ತಿತ್ತು. ನನಗೆ ಪೂರ್ತಿ ಕೇಳಿಸಿತು.

“ಎಂಟಾ?” ಎಂದು ಮ್ಯಾನೇಜರ್ ನನ್ನ ಕಡೆ ತಿರುಗಿದರು. “ಎಂಟು ಅಂದ್ರಲ್ಲ?”

ಅವರು ಕುರ್ಚಿಯ ತೋಳಿನ ಮೇಲೆ ಅಂಗೈಯಿಂದ ಬಡಿದರು. ಮತ್ತೆ ಹೇಳಿದರು. ಕಣ್ಣಲ್ಲಿ ನೀರು ತುಂಬಿತ್ತು.

“ಓ, ಎಂಟು ಗಂಟೆ ರೈಲಾ? ಏನ್ ಜ್ಞಾಪಕ ಶಕ್ತಿ ನೋಡಿ, ಗಾರ್ಡ್ ಅಂದ್ರೆ ಗಾರ್ಡೇ!” ಎಂದು ಮ್ಯಾನೇಜರ್ ದೊಡ್ಡದಾಗಿ ನಕ್ಕರು. “ಇಲ್ಲ ಇಲ್ಲ, ಅಷ್ಟೊತ್ತು ಇರಲ್ಲ, ಬಸ್ಸಿಗೆ ಹೋಗ್ಬಿಡ್ತೀನಿ.”

ಯಜಮಾನರು ನನ್ನನ್ನು ನೋಡಿದರು. ಅವರ ಮಾತನ್ನು ಲೋಕಕ್ಕೆ ಹೇಳುವವಳು ನಾನೊಬ್ಬಳೇ. ಒಳಗಿನ ಕೋಣೆಯಲ್ಲಿ ಚಿಕ್ಕವಳು ಪರೀಕ್ಷೆಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು.

“ಹೌದು” ಎಂದೆ ಮ್ಯಾನೇಜರಿಗೆ. “ರೈಲಿನ ವಿಷಯವೇ.”

ಅವರು ಮೂರನೆಯ ಸಲ ಹೇಳಲಿಲ್ಲ. ಕೈ ಸಡಿಲವಾಯಿತು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಮರುದಿನ ಸೋಮವಾರ, ತರೀಕೆರೆಯ ಡ್ಯೂಟಿ. ಯೂನಿಫಾರಂ ಷರ್ಟಿಗೆ ಇಸ್ತ್ರಿ ಆಗಬೇಕಿತ್ತು, ಬೆಳಗ್ಗೆ ಗುಂಡಿಗಳನ್ನೂ ನಾನೇ ಹಾಕಬೇಕು, ಅದಕ್ಕೆ ಸ್ವಲ್ಪ ಬೇಗನೇ ಏಳಬೇಕು.